ಮೊದಲು ಉಚ್ಚೆಯ ಮಾತು

ನಾನು ಉಚ್ಚೆ ಎಂದೇ ಬರೆಯುತ್ತೇನೆ. ಮೂತ್ರ ಎಂದರೆ ಪ್ರಯೋಗಾಲಯದ ಸೀಸೆ ನೆನಪಾಗುತ್ತದೆ. ವಾಶ್‌ರೂಮ್ ಎಂದರೆ ಅಲ್ಲಿ ಕನ್ನಡಿ, ನೀರು, ಸೋಪು, ಒಳಗಿನಿಂದ ಹಾಕುವ ಚಿಲಕ ಎಲ್ಲ ಇದ್ದೇ ಇರುತ್ತವೆಂದು ಓದುವವರು ನಂಬಿಬಿಡುತ್ತಾರೆ. ಶಾಲೆಯಲ್ಲಿ ಕಿರುಬೆರಳೆತ್ತಿ ‘ಒಂದಕ್ಕೆ’ ಎಂದು ಕೇಳುವುದನ್ನು ಕಲಿಸಿದರು. ಅವ್ವ ‘ಹೊರಗ ಹೋಗಿ ಬರ್ತೀನಿ’ ಎನ್ನುತ್ತಿದ್ದಳು. ಓಣಿಯ ಹೆಂಗಸರು ‘ಬಯಲಕಡಿ’ ಎನ್ನುತ್ತಿದ್ದರು, ಅದೂ ಕತ್ತಲಾದ ಮೇಲೆ, ಗುಂಪು ಕಟ್ಟಿಕೊಂಡು. ಗಂಡಸರಿಗೆ ಈ ಕೆಲಸಕ್ಕೆ ಮರೆಮಾತೂ ಬೇಕಾಗಲಿಲ್ಲ, ಮರೆಯೂ ಬೇಕಾಗಲಿಲ್ಲ. ಒಂದು ಗೋಡೆ ಸಾಕಿತ್ತು. ಅವರನ್ನು ಆ ಗೋಡೆಯಿಂದ ಎಬ್ಬಿಸಲು ಸರ್ವಧರ್ಮದ ದೇವರ ಟೈಲ್ಸ್ ಅಂಟಿಸಬೇಕಾಯಿತು.

ಬರೆಯಹೊರಟಿರುವುದು ಚಡ್ಡಿಯ ಬಗ್ಗೆ. ದೂರ ದೂರಕ್ಕೆ ಸೈಕಲ್ ತುಳಿಯುವ ಹೆಂಗಸರು ಹಾಕುವ ಚಡ್ಡಿ. ಅದನ್ನು ಕೊಳ್ಳುವಾಗ ನಾವು ಮಾಡುವ ಲೆಕ್ಕದಲ್ಲಿ ಮೊದಲು ಬರುವುದು ಉಚ್ಚೆ, ಆಮೇಲೆ ಉಳಿದದ್ದೆಲ್ಲ. ಹಾಗಾಗಿ ಆ ಪದವನ್ನು ತಲೆಬಾಗಿಲಲ್ಲೇ ಕೂರಿಸಿ ಒಳಗೆ ಬರುತ್ತಿದ್ದೇನೆ. ಮುಜುಗರವಾದವರು ಪುಟ ಮಗುಚಬಹುದು.

ಅಂಗಡಿಯ ಹುಡುಗ ಕೇಳುತ್ತಾನೆ: “ಬಿಬ್ ಬೇಕಾ ಮೇಡಂ, ನಾರ್ಮಲ್ ಬೇಕಾ?” ನಾರ್ಮಲ್ ಎಂದರೆ ಸೊಂಟಕ್ಕೆ ಎಲಾಸ್ಟಿಕ್ ಇರುವ ಶಾರ್ಟ್ಸ್. ಬಿಬ್ ಎಂದರೆ ಅದೇ ಶಾರ್ಟ್ಸಿನ ಎಲಾಸ್ಟಿಕ್ ತೆಗೆದು, ಬಟ್ಟೆಯನ್ನು ಹೊಟ್ಟೆಯ ಮೇಲಕ್ಕೆ ಏರಿಸಿ, ಎರಡು ಪಟ್ಟಿಗಳನ್ನು ಹೆಗಲ ಮೇಲೆ ಹಾಯಿಸಿ ಬೆನ್ನಿಗೆ ಕೂಡಿಸಿದ್ದು. ಎರಡರ ಒಳಗೂ ಕೂರುವ ಜಾಗದಲ್ಲಿ ಪ್ಯಾಡ್ ಇರುತ್ತದೆ. ಒಳಚಡ್ಡಿ ಹಾಕದೆ ಬರಿಮೈ ಮೇಲೆ ತೊಡಬೇಕು. ಒಳಚಡ್ಡಿಯ ಹೊಲಿಗೆ ಗಂಟೆಗಟ್ಟಲೆ ಉಜ್ಜಿದರೆ ತೊಡೆಸಂದು ಕಿತ್ತು ಬರುತ್ತದೆ. ಈ ಮಾತನ್ನು ಹೊಸಬಳೊಬ್ಬಳಿಗೆ ಹೇಳುವಷ್ಟರಲ್ಲೇ ನಮ್ಮ ಮುಖ ಕೆಂಪಾಗುತ್ತದೆ. ಅಂಗಡಿಯ ಹುಡುಗನಂತೂ ಹೇಳುವುದೇ ಇಲ್ಲ, ಕೌಂಟರಿನ ಹಿಂದೆ ಹೋಗಿ ನಿಲ್ಲುತ್ತಾನೆ. ಎಷ್ಟೋ ಹುಡುಗಿಯರು ಒಳಚಡ್ಡಿಯ ಮೇಲೆ ಪ್ಯಾಡಿನ ಶಾರ್ಟ್ಸ್ ಹಾಕಿ, ನಂದಿಬೆಟ್ಟ ಹತ್ತಿಳಿದು, ಗಾಯ ಮಾಡಿಕೊಂಡು, ‘ಸೈಕಲ್ ನನಗೆ ಆಗಿಬರಲ್ಲ’ ಎಂದು ಬಿಟ್ಟಿದ್ದಾರೆ. ಅವರಿಗೆ ಆಗಿಬರದೇ ಹೋದದ್ದು ಸೈಕಲ್ಲೋ, ಯಾರೂ ಬಾಯಿಬಿಟ್ಟು ಹೇಳದ ಆ ಒಂದು ಮಾತೋ?

ಸವಾರಿಗೆ ಯಾವುದು ಒಳ್ಳೆಯದು ಎಂದು ಕೇಳಿದರೆ ನನಗೆ ಅನುಮಾನವಿಲ್ಲ. ಬಿಬ್. ಹ್ಯಾಂಡಲಿನ ಮೇಲೆ ಬಾಗಿ ಆರು ಗಂಟೆ, ಎಂಟು ಗಂಟೆ ತುಳಿಯುವಾಗ ಸೊಂಟದ ಎಲಾಸ್ಟಿಕ್ ಹೊಕ್ಕುಳ ಕೆಳಗೆ ದಾರದಂತೆ ಕೊರೆಯುತ್ತದೆ. ಮುಟ್ಟಿನ ಎರಡನೆಯ ದಿನ ಆ ಎಲಾಸ್ಟಿಕ್ ಏನು ಮಾಡುತ್ತದೆಂಬುದನ್ನು ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ. ಬೆವರು ನಿಲ್ಲುವುದೂ ಅಲ್ಲೇ, ತುರಿಕೆ ಏಳುವುದೂ ಅಲ್ಲೇ. ಮಾಮೂಲಿ ಶಾರ್ಟ್ಸ್ ಏರಿನಲ್ಲಿ ಎದ್ದು ನಿಂತು ತುಳಿದಾಗ ಜಾರುತ್ತದೆ. ಅದರ ಜೊತೆ ಒಳಗಿನ ಪ್ಯಾಡೂ ಸರಿಯುತ್ತದೆ. ಸರಿದ ಪ್ಯಾಡು ಇದ್ದೂ ಇಲ್ಲದಂತೆ, ಅದರ ಅಂಚೇ ಚರ್ಮವನ್ನು ಅರೆಯತೊಡಗುತ್ತದೆ. ಬಾಗಿದಾಗ ಜರ್ಸಿ ಮೇಲೇರಿ ನಡುಬೆನ್ನು ಕಾಣುತ್ತದೆ, ಹಿಂದಿನಿಂದ ಬರುವ ಲಾರಿಗೆ ಹಾರ್ನ್ ಹೊಡೆಯಲು ಅಷ್ಟು ಸಾಕು. ಬಿಬ್ಬಿನಲ್ಲಿ ಈ ಯಾವ ರಗಳೆಯೂ ಇಲ್ಲ. ಹೆಗಲು ಹೊರುತ್ತದೆ, ಹೊಟ್ಟೆ ಉಸಿರಾಡುತ್ತದೆ, ಪ್ಯಾಡು ಕೂತಲ್ಲಿ ಕೂತಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲಿ ಹೆಚ್ಚಿನವರು ಹೆದ್ದಾರಿಗೆ ಇಳಿಯುವಾಗ ಆ ಕೊರೆಯುವ ಎಲಾಸ್ಟಿಕ್ಕನ್ನೇ ತೊಟ್ಟು ಹೊರಡುತ್ತೇವೆ. ಯಾಕೆಂದು ಹೇಳುತ್ತೇನೆ.

ಬ್ರೆವೆ ಎಂಬ ದೂರದ ಸವಾರಿಗಳಿವೆ. ಪೈಪೋಟಿಯಲ್ಲ, ಗಡುವಿನೊಳಗೆ ಮುಗಿಸಬೇಕು ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗಡುವು ಗಂಡಸಿಗೂ ಒಂದೇ, ಹೆಂಗಸಿಗೂ ಒಂದೇ. ಅದರಲ್ಲಿ ರಿಯಾಯಿತಿ ನಮಗೆ ಬೇಕಾಗಿಯೂ ಇಲ್ಲ. ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗುವ 48ನೇ ಹೆದ್ದಾರಿಯಲ್ಲಿ, ಶಿರಾ ದಾಟಿ ಹಿರಿಯೂರು ಇನ್ನೂ ಬರದ ನಡುವೆ, ರಾತ್ರಿ ಎರಡೂವರೆ ಗಂಟೆ ಎಂದುಕೊಳ್ಳಿ. ನನ್ನ ಜೊತೆ ಬಂದ ಗಂಡಸರು ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು, ಬಿಬ್ಬಿನ ಮುಂಭಾಗವನ್ನು ಹೆಬ್ಬೆರಳಿನಿಂದ ಕೆಳಗೆಳೆದು, ನಿಂತಲ್ಲೇ ಮುಗಿಸಿ, ಬಾಳೆಹಣ್ಣು ಸುಲಿಯತೊಡಗುತ್ತಾರೆ. ಯುರೋಪಿನ ದೊಡ್ಡ ಸ್ಪರ್ಧೆಗಳಲ್ಲಿ ಸೈಕಲ್ಲಿನಿಂದ ಇಳಿಯದೆ, ಓಡುತ್ತಿರುವಾಗಲೇ ಮುಗಿಸುವವರೂ ಇದ್ದಾರೆ. ಅದನ್ನು ಚತುರತೆ ಎಂದು ಹೊಗಳುತ್ತಾರೆ.

ಈಗ ಬಿಬ್ ತೊಟ್ಟ ದಿನದ ನನ್ನ ಕ್ರಮ. ಸೈಕಲ್ ಮಲಗಿಸಬೇಕು. ಕೈಗವಸು ಬಿಚ್ಚಬೇಕು. ರಾತ್ರಿ ಕಡ್ಡಾಯವಾದ ಹೊಳೆಯುವ ಅಂಗಿ ಬಿಚ್ಚಬೇಕು. ಲಾರಿಯವನಿಗೆ ನಾನು ಕಾಣಲೆಂದು ಹಾಕಿದ ಅಂಗಿ, ಈಗ ಯಾರಿಗೂ ಕಾಣಬಾರದೆಂದು ಬಿಚ್ಚುವುದು. ಜರ್ಸಿಯ ಬೆನ್ನಿನ ಜೇಬುಗಳಲ್ಲಿರುವ ಫೋನು, ಪಂಕ್ಚರ್ ಸಾಮಾನು, ಚಿಕ್ಕಿ, ಬ್ರೆವೆ ಕಾರ್ಡು ಉದುರದಂತೆ ನೋಡಿಕೊಂಡು ಜರ್ಸಿ ಬಿಚ್ಚಬೇಕು. ಅದರ ಜಿಪ್ ಅರ್ಧಕ್ಕೇ ನಿಲ್ಲುವಂಥದ್ದಾದರೆ ತಲೆಯ ಮೇಲಿಂದ ಎಳೆಯಬೇಕು, ಹಾಗಾಗಿ ಅದಕ್ಕೂ ಮೊದಲು ಹೆಲ್ಮೆಟ್. ಆಮೇಲೆ ಎರಡೂ ಹೆಗಲಿನ ಪಟ್ಟಿ. ಆಮೇಲೆ, ಬೆವರಿಗೆ ಅಂಟಿಕೊಂಡ ಲೈಕ್ರಾವನ್ನು ಸೊಂಟದಿಂದ ಸುಲಿಯುವುದು. ಅಂದರೆ ಎರಡೂವರೆ ಗಂಟೆಯ ಅಪರಾತ್ರಿಯಲ್ಲಿ, ಬಳ್ಳಾರಿ ಜಾಲಿಯ ಪೊದೆಯ ಹಿಂದೆ, ಒಂದು ಬ್ರಾ ಬಿಟ್ಟರೆ ಬತ್ತಲೆಯಾಗಿ ಕೂರಬೇಕು. ಹಾವಿನ ಭಯ ನನಗಿಲ್ಲ. ಹಾವು ನನ್ನನ್ನು ಕಂಡರೆ ಸರಿದು ಹೋಗುತ್ತದೆ. ಹೆದ್ದಾರಿಯ ಬದಿಯಲ್ಲಿ ವೇಗ ತಗ್ಗಿಸುವ ಗಾಡಿಯ ಬೆಳಕು ಸರಿದು ಹೋಗುವುದಿಲ್ಲ.

ಹೀಗೊಂದು ಸಲ ಬಿಚ್ಚಿ ತೊಡಲು ಗಂಡಸರಿಗಿಂತ ಹತ್ತು ನಿಮಿಷ ಹೆಚ್ಚೇ ಹಿಡಿಯುತ್ತದೆ. 600 ಕಿಲೋಮೀಟರಿನಲ್ಲಿ ಹತ್ತು ಸಲ ಎಂದರೆ ನೂರು ನಿಮಿಷ. ನಲವತ್ತು ಗಂಟೆಯ ಗಡುವಿನೊಳಗೆ ತುಳಿಯುವವಳಿಗೆ ನೂರು ನಿಮಿಷ ಎಂದರೆ ಡಾಬಾದ ಮಂಚದ ಮೇಲಿನ ಪೂರ್ತಿ ನಿದ್ದೆ. ಈ ಲೆಕ್ಕ ತಪ್ಪಿಸಲು ನಾವು ಕಂಡುಕೊಂಡ ಉಪಾಯ ನೀರು ಕುಡಿಯದೇ ಇರುವುದು. ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಕರ್ನಾಟಕದ ಬಯಲಿನಲ್ಲಿ, ನೀರಿನ ಬಾಟಲಿ ತುಂಬಿಯೇ ಇರುವ ಸೈಕಲ್ ಕಂಡರೆ ಅದು ಹೆಂಗಸಿನದು ಎಂದು ತಿಳಿಯಿರಿ. ಆಮೇಲೆ ಮೂರನೆಯ ದಿನ ಉರಿ, ಚಳಿಜ್ವರ, ಡಾಕ್ಟರ ಚೀಟಿ. ಡಾಕ್ಟರು ಹೇಳುತ್ತಾರೆ: “ಚೆನ್ನಾಗಿ ನೀರು ಕುಡೀರಿ, ತಡ್ಕೋಬೇಡಿ.” ಎಲ್ಲಿ ಬಿಡಲಿ ಎಂಬುದಕ್ಕೆ ಅವರ ಚೀಟಿಯಲ್ಲಿ ಮದ್ದಿಲ್ಲ.

ಈ ಉಡುಪನ್ನು ಮಾಡಿದವರ ಕಣ್ಣೆದುರು ಇದ್ದ ಮೈ ಯಾವುದು ಎಂದು ಕೇಳದೆ ಹೇಗಿರಲಿ? ಸೈಕಲ್ ಸ್ಪರ್ಧೆ ಗಂಡಸರಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 1896ರಲ್ಲಿ, ಮೊದಲ ಒಲಿಂಪಿಕ್ಸ್‌ನಲ್ಲೇ. ಹೆಂಗಸರಿಗೆ 1984ರಲ್ಲಿ. ನಡುವಿನ ಎಂಬತ್ತೆಂಟು ವರ್ಷ ಚಡ್ಡಿ ಬೆಳೆದದ್ದು ಗಂಡಸರ ತೊಡೆಸಂದಿಯ ಅಳತೆಗೆ. ಮೊದಲು ಅದು ಉಣ್ಣೆಯದು. ಒಳಗೆ ಯುರೋಪಿನ ಬೆಟ್ಟಗಳ ಶಾಮಿ ಎಂಬ ಕಾಡುಮೇಕೆಯ ತೊಗಲು. ಪ್ಯಾಡಿಗೆ ಇವತ್ತಿಗೂ ಶಾಮಿ ಎನ್ನುವುದು ಅದಕ್ಕೇ. ಒಗೆದರೆ ತೊಗಲು ಹಪ್ಪಳದಂತೆ ಸೆಟೆಯುತ್ತಿತ್ತು, ಮೆತ್ತಗಾಗಲಿ ಎಂದು ಕ್ರೀಮು ಸವರುತ್ತಿದ್ದರು. ತೊಗಲು ಹೋಯಿತು, ಕ್ರೀಮು ಉಳಿಯಿತು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನವಿಜ್ಞಾನಿ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ನೂಲು ಕಂಡುಹಿಡಿದ. ಅದೇ ಲೈಕ್ರಾ. ಹೆಂಗಸರ ಒಳ ಉಡುಪಿಗೆಂದು ಹುಡುಕಿದ ನೂಲದು. ಅದು ಗಂಡಸರ ಸೈಕಲ್ ಚಡ್ಡಿಯಾಗಿ, ಸುತ್ತಿ ಬಳಸಿ ನಮ್ಮ ಬಳಿ ಬರುವಷ್ಟರಲ್ಲಿ ನಮ್ಮ ಅಳತೆಯನ್ನೇ ಮರೆತಿತ್ತು.

ನಮಗಾಗಿ ಎಂದು ಮಾಡಿದ್ದಾದರೂ ಏನು? ಗಂಡಸರ ಚಡ್ಡಿಯನ್ನೇ ಒಂದೆರಡು ಇಂಚು ಕುಗ್ಗಿಸಿ, ಗುಲಾಬಿ ಬಣ್ಣದ ಅಂಚು ಕೊಟ್ಟು, ‘ಲೇಡೀಸ್’ ಎಂದು ಚೀಟಿ ಅಂಟಿಸಿದರು. ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರದಕ್ಕಿಂತ ಹೆಚ್ಚು, ಪ್ಯಾಡು ಹಿಂದೆ ಅಗಲವಾಗಿರಬೇಕು, ಮುಂದೆ ನಟ್ಟನಡುವೆ ಹೊಲಿಗೆ ಬರಬಾರದು. ಇಷ್ಟನ್ನು ತಿಳಿಯಲು ಯಾವ ವಿಶ್ವವಿದ್ಯಾಲಯವೂ ಬೇಕಿರಲಿಲ್ಲ. ಒಬ್ಬ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ಕೇಳದೇ ಹೋದದ್ದಕ್ಕೆ ಬೆಲೆ ತೆತ್ತವರು ನಾವು. ಬ್ರಿಟನ್ನಿನ ಪ್ಯಾರಾ ಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ವರ್ಷಗಟ್ಟಲೆ ಸೀಟಿನ ಒತ್ತಡಕ್ಕೆ ಯೋನಿಯ ಭಾಗ ಊದಿಕೊಂಡು, ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು 2019ರಲ್ಲಿ ತಾವೇ ಪತ್ರಿಕೆಯಲ್ಲಿ ಬರೆದರು. ಹೆಸರು ಹಾಕಿ ಬರೆದರು. ಅದನ್ನು ಓದಿದ ದಿನ ನಾನು ನಮ್ಮ ಸವಾರಿ ಗುಂಪಿನ ಮೂವರು ಹೆಂಗಸರಿಗೆ ಫೋನು ಮಾಡಿದೆ. ಮೂವರಿಗೂ ಊತ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ. ಗೇರಿನ ಹಲ್ಲುಗಳ ಸಂಖ್ಯೆಯನ್ನು ಗಂಟೆಗಟ್ಟಲೆ ಚರ್ಚಿಸಿದವರು ನಾವು.

ಇನ್ನು ನೋಟದ ವಿಷಯ. ಇದನ್ನು ಬೇಗ ಮುಗಿಸೋಣ ಎಂದುಕೊಂಡಿದ್ದೆ, ಸಿಟ್ಟು ಬಿಡುತ್ತಿಲ್ಲ.

ಪ್ಯಾರಿಸ್ಸಿನಲ್ಲಿ 1800ರಲ್ಲಿ ಒಂದು ಆಜ್ಞೆ ಹೊರಟಿತು: ಹೆಂಗಸು ಗಂಡಸಿನ ಉಡುಪು ತೊಡಬೇಕಾದರೆ ಪೊಲೀಸರ ಅಪ್ಪಣೆ ಪಡೆಯಬೇಕು. 1892ರಲ್ಲಿ, ಮತ್ತೆ 1909ರಲ್ಲಿ, ಅದಕ್ಕೆ ಸಡಿಲಿಕೆ ಕೊಟ್ಟರು. ಕೈಯಲ್ಲಿ ಕುದುರೆಯ ಲಗಾಮು ಅಥವಾ ಸೈಕಲ್ಲಿನ ಹ್ಯಾಂಡಲ್ ಹಿಡಿದಿದ್ದರೆ ಹೆಂಗಸು ಪ್ಯಾಂಟು ತೊಡಬಹುದು. ಹ್ಯಾಂಡಲ್ ಬಿಟ್ಟರೆ ಅಪರಾಧಿ. ಆ ಆಜ್ಞೆಗೆ ಇನ್ನು ಬೆಲೆಯಿಲ್ಲ ಎಂದು ಅಲ್ಲಿನ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ಕೇಳಿದವರು ನಗುತ್ತಾರೆ. ನಾನು ನಗಲಾರೆ, ಯಾಕೆಂದರೆ ಆ ಕಾಯ್ದೆ ನಮ್ಮ ತುಮಕೂರು ರಸ್ತೆಯಲ್ಲಿ ಈಗಲೂ ಜಾರಿಯಲ್ಲಿದೆ. ಸೈಕಲ್ಲಿನ ಮೇಲೆ ಇರುವಷ್ಟು ಹೊತ್ತು ನಾನು ‘ಸ್ಪೋರ್ಟ್ಸ್ ಪರ್ಸನ್’. ಹೆಬ್ಬೆರಳೆತ್ತಿ ಹುರಿದುಂಬಿಸುವ ಕಾರಿನವರೂ ಇದ್ದಾರೆ. ಸೈಕಲ್ಲನ್ನು ಹೋಟೆಲಿನ ಕಂಬಕ್ಕೆ ಒರಗಿಸಿ ಹ್ಯಾಂಡಲ್ ಬಿಟ್ಟು ನಾಲ್ಕು ಹೆಜ್ಜೆ ಒಳಗಿಟ್ಟರೆ, ಅದೇ ಶಾರ್ಟ್ಸು ಬೇರೆ ಬಟ್ಟೆಯಾಗುತ್ತದೆ. ಇಡ್ಲಿ ತಿನ್ನುವ ಕೈಗಳು ನಿಲ್ಲುತ್ತವೆ. ನನ್ನ ಜೊತೆಗೆ ಅದೇ ಉದ್ದದ, ಅದೇ ಬಿಗಿಯ ಚಡ್ಡಿ ತೊಟ್ಟು ಒಳಬಂದ ಗಂಡಸನ್ನು ಸಪ್ಲೈಯರ್ ಕೇಳುತ್ತಾನೆ: “ಎಲ್ಲಿಂದ ಬಂದ್ರಿ ಸಾರ್, ಎಷ್ಟು ಕಿಲೋಮೀಟ್ರು?” ನನ್ನನ್ನು ಏನೂ ಕೇಳುವುದಿಲ್ಲ. ನೋಡುತ್ತಾನೆ. ಅದಕ್ಕೇ ನಮ್ಮಲ್ಲಿ ಹಲವರ ಚೀಲದಲ್ಲಿ ಒಂದು ತೆಳ್ಳನೆಯ ದುಪಟ್ಟಾನೋ ಲುಂಗಿಯೋ ಸುರುಳಿ ಸುತ್ತಿ ಇರುತ್ತದೆ. ಇಡ್ಲಿ ತಿನ್ನುವ ಹತ್ತು ನಿಮಿಷಕ್ಕೆ. ಗ್ರಾಂ ಲೆಕ್ಕದಲ್ಲಿ ಸೈಕಲ್ಲಿನ ತೂಕ ಇಳಿಸುವ ಗಂಡಸರೇ, ಈ ಲುಂಗಿಯ ತೂಕವನ್ನು ಎಲ್ಲಿ ಬರೆದುಕೊಳ್ಳುತ್ತೀರಿ?

ಎಲ್ಲವನ್ನೂ ಗಂಡಸರ ತಲೆಗೆ ಕಟ್ಟಿ ಜಾರಿಕೊಳ್ಳಲೂ ಆಗುವುದಿಲ್ಲ. 1898ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸರ್ರೆ ಸೀಮೆಯ ಆಕಮ್ ಊರಿನ ಹೋಬಾಯ್ ಹೋಟೆಲಿಗೆ ಲೇಡಿ ಹಾರ್ಬರ್ಟನ್ ಸೈಕಲ್ ತುಳಿದು ಬಂದರು. ಅವರು ತೊಟ್ಟದ್ದು ಸಡಿಲ ಚಲ್ಲಣ. ಲಂಗ ಚಕ್ರಕ್ಕೆ ಸಿಕ್ಕಿ ಹೆಂಗಸರು ಬೀಳುತ್ತಿದ್ದ ಕಾಲದಲ್ಲಿ ‘ವಿವೇಕದ ಉಡುಪು’ ಬೇಕೆಂದು 1881ರಿಂದ ಸಂಘ ಕಟ್ಟಿ ಹೋರಾಡಿದವರು ಅವರು. ಕಾಫಿ ಕೋಣೆಗೆ ಈ ಉಡುಪಿನಲ್ಲಿ ಬಿಡುವುದಿಲ್ಲ, ಬೇಕಾದರೆ ಹೆಂಡದ ಕೋಣೆಯ ಪಕ್ಕದಲ್ಲಿ ಕೂತು ಉಣ್ಣಿ ಎಂದು ಹೇಳಿ ತಡೆದವರು ಹೋಟೆಲಿನ ಒಡತಿ. ಹೆಂಗಸು. ಸೈಕಲ್ ಸವಾರರ ಸಂಘ ಹಾರ್ಬರ್ಟನ್ನರ ಪರವಾಗಿ ಕೋರ್ಟಿಗೆ ಹೋಯಿತು, ಮರುವರ್ಷ ಜ್ಯೂರಿ ಒಡತಿಯದು ತಪ್ಪಿಲ್ಲ ಎಂದಿತು. ನನ್ನನ್ನು ತಡೆದವರೂ ಹೆಚ್ಚಿನ ಸಲ ಹೆಂಗಸರೇ. ಊರಿಗೆ ಹೋದಾಗ ಅಂಗಳದಲ್ಲಿ ಒಣಹಾಕಿದ ನನ್ನ ಬಿಬ್ಬನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ, ಅತ್ತೆಯೊಬ್ಬರು ಕೇಳಿದರು: “ಇದನ್ನ ತೊಟ್ಟು ಮಂದ್ಯಾಗ ಹೋಗ್ತೀಯೇನವಾ? ತೊಡಿ ಕಾಣಂಗಿಲ್ಲೇನು?”

ತೊಡೆ. ನನ್ನ ಆಯಿಯ ತೊಡೆಯ ಮಾತು ಹೇಳಬೇಕು. ಆಯಿ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ. ಕಚ್ಚೆ ಹಾಕಿ. ನೆರಿಗೆಯನ್ನು ಕಾಲಸಂದಿಯಿಂದ ಹಿಂದಕ್ಕೆಳೆದು ಟೊಂಕಕ್ಕೆ ಸಿಕ್ಕಿಸಿದರೆ ಎರಡು ಕಾಲಿಗೆ ಎರಡು ದಾರಿ. ಆ ಕಚ್ಚೆಯಲ್ಲೇ ಕಳೆ ಕಿತ್ತಳು, ಜೋಳದ ರಾಶಿ ಮಾಡಿದಳು, ಮೇವಿನ ಹೊರೆ ಹೊತ್ತು ಬದು ಹಾರಿದಳು. ಮೊಣಕಾಲಿನ ಮೇಲೆ ಗೇಣು ತೊಡೆ ಕಾಣುತ್ತಿತ್ತು, ಯಾರೂ ಅದನ್ನು ತೊಡೆ ಎಂದು ನೋಡಲಿಲ್ಲ. ದುಡಿಮೆ ಎಂದು ನೋಡಿದರು. ಉಚ್ಚೆಗೆ ಬಂದರೆ ಹೊಲದ ಬದುವಿಗೆ ಹೋಗಿ ಕಚ್ಚೆಯ ಅಂಚು ಸರಿಸಿದರೆ ಮುಗಿಯಿತು, ಮೈಮೇಲಿನ ಒಂದು ಎಳೆಯನ್ನೂ ಬಿಚ್ಚಬೇಕಿರಲಿಲ್ಲ. ಇಂಥ ಉಡುಪನ್ನು ಯಾವ ಕಂಪನಿಯೂ ಇವತ್ತಿನವರೆಗೆ ಮಾಡಿಲ್ಲ. ಆಮೇಲೆ ಆಯಿಯ ಮಗಳು ಶಾಲೆ ಕಲಿತಳು, ಕಚ್ಚೆ ಹಳ್ಳಿಯದು ಎನಿಸಿ ಲಂಗದ ಮೇಲೆ ಗೋಲ್ ಸೀರೆ ಉಟ್ಟಳು. ಎರಡು ಕಾಲು ಒಂದು ಚೀಲದೊಳಗೆ ಸೇರಿದವು. ನಾಗರಿಕತೆ ಬಂತು ಎಂದರು. ಕೆಲವು ಮನೆಗಳಲ್ಲಿ ಮಡಿಗೆ, ಪೂಜೆಗೆ ಮಾತ್ರ ಕಚ್ಚೆ ಉಳಿಯಿತು: ದೇವರ ಮುಂದೆ ಎರಡು ಕಾಲು ಇರಬಹುದು, ರಸ್ತೆಯಲ್ಲಿ ಇರಬಾರದು. ಭಾಷೆಯನ್ನೂ ನೋಡಿ. ಕಚ್ಚೆ ಭದ್ರವಿರಬೇಕಾದದ್ದು ಗಂಡಸಿನದು. ಅವನದು ಸಡಿಲವಾದರೆ ಕಚ್ಚೆಹರುಕ ಎಂದು ಬೈದು ಕೈತೊಳೆದುಕೊಳ್ಳುತ್ತೇವೆ. ಅವನು ನೋಡಿದ್ದಕ್ಕೆ ತಾನು ಉಟ್ಟದ್ದನ್ನು ಬದಲಿಸಬೇಕಾದವಳು ಹೆಂಗಸು.

ಸರ್ಕಾರಕ್ಕೂ ನಮ್ಮ ಬಟ್ಟೆಯ ಬಗ್ಗೆ ಕಾಳಜಿಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹೇಳುತ್ತದೆ: ಬೈಕಿನ ಹಿಂದಿನ ಸೀಟಿನವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚುವ ತಡೆ ಇರಬೇಕು. ಬೀದಿಯ ಭಾಷೆಯಲ್ಲಿ ಸೀರೆ ಗಾರ್ಡ್. ಒಳ್ಳೆಯ ನಿಯಮವೇ, ಜೀವ ಉಳಿಸಿದೆ. ಹೆಂಗಸು ಗಂಡನ ಬೆನ್ನ ಹಿಂದೆ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವುದನ್ನು ಕಾಯ್ದೆಯೇ ಊಹಿಸಿಕೊಂಡು ಲೋಹ ಬಗ್ಗಿಸಿತು. ಅವಳು ಮುಂದಿನ ಸೀಟಿನಲ್ಲಿ ಕೂತು ಮುನ್ನೂರು ಕಿಲೋಮೀಟರು ಹೋಗುತ್ತಾಳೆ, ಅವಳಿಗೆ ನಡುವೆ ಉಚ್ಚೆ ಬರುತ್ತದೆ ಎಂಬುದನ್ನು ಊಹಿಸುವ ನಿಯಮ ಎಲ್ಲಿದೆ?

ಈ ಲೇಖನದ ಮೊದಲ ಕರಡನ್ನು ಓದಿದ ಹಳೆಯ ಸಂಗಾತಿಯೊಬ್ಬರು ಮುಖ ಸಿಂಡರಿಸಿದರು. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂಗಾಯ್ತು ಇದು. ಸಾವಿರಾರು ರೂಪಾಯಿಯ ಚಡ್ಡಿ ಕೊಳ್ಳೋರ ಗೋಳನ್ನ ಬಂಡಾಯ ಅಂತೀಯಲ್ಲ.” ಇದು ನನಗೆ ನಾನೇ ಕೇಳಿಕೊಂಡ ಪ್ರಶ್ನೆಯೂ ಹೌದು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಶುರುವಿನಲ್ಲಿ, ಸಾಕ್ಷರತಾ ಆಂದೋಲನದ ಬೆನ್ನಿಗೆ, ಕೂಲಿ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರು. ಪಿ. ಸಾಯಿನಾಥ್ ಅದನ್ನು ಬರೆದಿದ್ದಾರೆ. ಲೈಕ್ರಾ ಇಲ್ಲ, ಪ್ಯಾಡಿಲ್ಲ. ಸೀರೆ, ದಾವಣಿಯಲ್ಲೇ ಕಲಿತರು. ಅಡ್ಡಪೈಪಿನ ಗಂಡಸರ ಸೈಕಲ್ಲೇ ಬೇಕೆಂದವರೂ ಇದ್ದರು, ಯಾಕೆಂದರೆ ಆ ಪೈಪಿನ ಮೇಲೆ ಮಗುವನ್ನು ಕೂರಿಸಬಹುದಿತ್ತು. ಅವರ ಮುಂದೆ ನನ್ನ ಬಿಬ್ಬಿನ ದುಃಖ ಸಣ್ಣದು, ಒಪ್ಪುತ್ತೇನೆ.

ಆದರೆ ಸಂಗಾತಿಗೆ ಎರಡು ಮಾತು ಹೇಳಬೇಕಿದೆ. ಒಂದು, ಈ ಚಡ್ಡಿ ಬೆಂಗಳೂರಿನ ಸಾಫ್ಟ್‌ವೇರಿನವರ ಸ್ವತ್ತಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿಯ ಕಡೆ ಬನ್ನಿ. ಈ ರಾಜ್ಯಕ್ಕೆ, ಈ ದೇಶಕ್ಕೆ ಸೈಕಲ್ ಪದಕ ತಂದವರಲ್ಲಿ ಬಹಳ ಮಂದಿ ಅಲ್ಲಿನ ಒಕ್ಕಲು ಮನೆಗಳವರು, ಕೂಲಿ ಮನೆಗಳವರು. ಕ್ರೀಡಾ ವಸತಿನಿಲಯದ ಹುಡುಗಿಯರು ಬೆಳಗಿನ ಜಾವ ಬೀದಿದೀಪ ಆರುವ ಮುಂಚೆ ರಸ್ತೆಗಿಳಿಯುತ್ತಾರೆ. ಅವರಿಗೆ ‘ಬಿಬ್ ಬೇಕಾ, ನಾರ್ಮಲ್ ಬೇಕಾ’ ಎಂದು ಕೇಳುವವರಿಲ್ಲ. ಕೊಟ್ಟದ್ದನ್ನು ತೊಡುತ್ತಾರೆ, ಅಕ್ಕ ಬಿಟ್ಟದ್ದನ್ನು ತಂಗಿ ತೊಡುತ್ತಾಳೆ. ಪ್ಯಾಡಿನ ನೊರೆ ಚಪ್ಪಟೆಯಾಗಿ ಬರಿ ಬಟ್ಟೆ ಉಳಿದಿದ್ದರೂ ತೊಡುತ್ತಾರೆ. ಆಯ್ಕೆ ಎಂಬ ಪದ ದುಡ್ಡಿರುವವರ ನಾಲಿಗೆಯ ಮೇಲಷ್ಟೇ ಇದ್ದರೆ ಅದೇ ಸಿಟ್ಟಿಗೆ ಕಾರಣ ತಾನೆ?

ಎರಡನೆಯದು ಹೆಚ್ಚು ಕಹಿ. ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಕೂರುತ್ತಾಳೆ. ಹೊರದೇಶಕ್ಕೆ ಹೋಗುವ ಆಟದ ಉಡುಪು. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ಟು. ಎದ್ದು ಹೋದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. “ಬೆಳಗ್ಗೆ ನೀರು ಕುಡಿಯಲ್ಲಕ್ಕಾ, ಊಟದ ಟೈಮಿಗೇ ಒಂದ್ಸಲ ಹೋಗೋದು” ಎಂದು ಅವಳು ಹೇಳಿದಾಗ ನಾನು ಅವಳ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಲಿಯುವವಳೂ ತಡೆದುಕೊಳ್ಳುತ್ತಾಳೆ, ತೊಡುವವಳೂ ತಡೆದುಕೊಳ್ಳುತ್ತಾಳೆ. ನಡುವೆ ಲಾಭ ಮಾಡಿಕೊಳ್ಳುವವನಿಗೆ ಯಾವ ಆತುರವೂ ಇಲ್ಲ. 2016ರ ಏಪ್ರಿಲಿನಲ್ಲಿ ಇದೇ ಗಾರ್ಮೆಂಟ್ಸಿನ ಹೆಂಗಸರು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಎರಡು ದಿನ ಬೆಂಗಳೂರಿನ ರಸ್ತೆಗಳನ್ನು ಕಟ್ಟಿದರು. ನಾಯಕರಿಲ್ಲದೆ, ಬಾವುಟವಿಲ್ಲದೆ. ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಂಬೈಯಲ್ಲಿ 2011ರಿಂದ ಹೆಂಗಸರು ‘ಉಚ್ಚೆಯ ಹಕ್ಕು’ ಎಂದೇ ಹೆಸರಿಟ್ಟು ಚಳವಳಿ ಮಾಡಿದರು. ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ಕಾಸು ಎಂಬ ಸಾರ್ವಜನಿಕ ಶೌಚಾಲಯದ ನ್ಯಾಯವನ್ನು ಬೀದಿಗೆ ಎಳೆದರು. ಇದನ್ನೂ ಜುಟ್ಟಿನ ಮಲ್ಲಿಗೆ ಎನ್ನುತ್ತೀರಾ ಸಂಗಾತಿ?

ಹಾಗೆಂದು ಕಂಪನಿಗಳು ಈಗ ಎಚ್ಚೆತ್ತಿಲ್ಲ ಎನ್ನಲಾರೆ. ಪಟ್ಟಿಯನ್ನು ಕತ್ತಿನ ಹಿಂದೆ ಕುಣಿಕೆಯಂತೆ ಹಾಯಿಸಿ ಎಳೆದು ತೆಗೆಯುವ ಬಿಬ್ ಬಂದಿದೆ. ಸೊಂಟದ ಹಿಂದೆ ಸುತ್ತ ಜಿಪ್ ಇಟ್ಟು ಹಿಂಭಾಗವಷ್ಟೇ ಇಳಿಯುವಂಥದ್ದಿದೆ. ಬೆನ್ನಲ್ಲಿ ಅಯಸ್ಕಾಂತದ ಕೊಂಡಿ ಇರುವುದಿದೆ. ಬೆನ್ನಪಟ್ಟಿಯನ್ನೇ ಚೆನ್ನಾಗಿ ಹಿಗ್ಗುವಂತೆ ಮಾಡಿ, ಜರ್ಸಿ ಬಿಚ್ಚದೆ ಕೆಳಗೆಳೆಯುವುದೂ ಇದೆ. ಒಂದೊಂದರಲ್ಲೂ ಒಂದೊಂದು ಐಬು. ಜಿಪ್ಪು ಸೀಟಿಗೆ ಒತ್ತುತ್ತದೆ, ಕುತ್ತಿಗೆಯ ಕುಣಿಕೆ ಸಂಜೆಯ ಹೊತ್ತಿಗೆ ಕತ್ತು ಹಿಡಿಸುತ್ತದೆ, ಅಯಸ್ಕಾಂತದ ಕೊಂಡಿಯನ್ನು ಚಳಿಯಲ್ಲಿ ಬೆರಳು ಹುಡುಕಲಾರದು. ಆದರೂ ಒಬ್ಬರಾದರೂ ಯೋಚಿಸಿದರಲ್ಲ. ಬೆಲೆ ಕೇಳಿದರೆ ಮಾತ್ರ ಉಚ್ಚೆ ತಾನಾಗಿ ನಿಲ್ಲುತ್ತದೆ. ನಮ್ಮೂರಿನ ಅಂಗಡಿಯಲ್ಲಿ ಸಾವಿರ ಚಿಲ್ಲರೆಗೆ ಸಿಗುವ ಮಾಮೂಲಿ ಶಾರ್ಟ್ಸಿನ ಮುಂದೆ, ಹೊರದೇಶದಿಂದ ತರಿಸುವ ಇಂಥ ಬಿಬ್ಬಿಗೆ ಸುಂಕ ಸೇರಿ ಅದರ ಹತ್ತಾರು ಪಟ್ಟು. ಗಂಡಸಿಗೆ ನಿಸರ್ಗ ಪುಕ್ಕಟೆ ಕೊಟ್ಟದ್ದನ್ನು ನಾವು ಕಂತಿನಲ್ಲಿ ಕೊಳ್ಳಬೇಕು.

ನಾನು ಕೊಳ್ಳಲಿಲ್ಲ. ವಿಜಯಪುರಕ್ಕೆ ಹೋದಾಗ, ನನ್ನ ಸಾದಾ ಬಿಬ್ಬನ್ನು ಮಡಚಿಕೊಂಡು, ನಮ್ಮ ಓಣಿಯಲ್ಲಿ ಬ್ಲೌಸು ಹೊಲಿಯುವ ಅಕ್ಕನ ಬಳಿ ಹೋದೆ. ಅವರು ಕನ್ನಡಕ ಏರಿಸಿ, ಅದನ್ನು ಒಳಹೊರಗೆ ಮಾಡಿ, ಪ್ಯಾಡನ್ನು ಹಿಸುಕಿ ನೋಡಿದರು.

“ಮತ್ತ ಕಾಲ್ಮಡಿಯಾಕ ಹೆಂಗ ಹೋಗ್ತೀ ತಂಗಿ?”

“ಅದಕ್ಕs ಬಂದೀನಿ ಅಕ್ಕಾ.”

“ಯವ್ವಾ, ಇದನ್ನ ಗಂಡಸೇ ಹೊಲದಿರಬೇಕು ನೋಡು” ಎಂದು ಅವರು ಕತ್ತರಿ ಎತ್ತಿಕೊಂಡರು. ಎದೆಯ ಮೇಲೆ, ಕೈಗೆ ಸಿಗುವ ಜಾಗದಲ್ಲಿ, ಎರಡೂ ಪಟ್ಟಿ ಕತ್ತರಿಸಿದರು. ನನಗೆ ಎದೆ ಧಸಕ್ಕೆಂದಿತು. ಡಬ್ಬಿಯಿಂದ ಬ್ರಾ ಪಟ್ಟಿಯ ಕೊಕ್ಕೆಗಳನ್ನು ತೆಗೆದರು, ಉದ್ದ ಹೆಚ್ಚು ಕಡಿಮೆ ಮಾಡಿಕೊಳ್ಳಲು ಸಣ್ಣ ಬಳೆಯನ್ನೂ ಸೇರಿಸಿದರು, ಚರ್ಮಕ್ಕೆ ತಾಗದಂತೆ ಕೆಳಗೆ ಮೆತ್ತನೆಯ ತುಂಡು ಕೊಟ್ಟರು. ಅರ್ಧ ಗಂಟೆ. ಜರ್ಸಿಯ ಜಿಪ್ ಇಳಿಸಿ ಎರಡು ಕೊಕ್ಕೆ ತೆಗೆದರೆ ಸಾಕು, ಹೆಲ್ಮೆಟ್ ಇಲ್ಲ, ಅಂಗಿ ಇಲ್ಲ, ಜೇಬು ಬರಿದು ಮಾಡುವುದಿಲ್ಲ. ಅರವತ್ತು ರೂಪಾಯಿ ತೆಗೆದುಕೊಂಡರು. ಅವರು ಸೈಕಲ್ ತುಳಿದವರಲ್ಲ. ಸೀರೆ, ಲಂಗ, ಬ್ಲೌಸಿನೊಳಗಿನ ಮೈಯನ್ನು ನಲವತ್ತು ವರ್ಷ ಅಳೆದವರು.

ಹೊರಡುವಾಗ ಕೇಳಿದರು: “ಅಷ್ಟ ದೂರ ಹೋಗ್ತೀಯಲ್ಲ, ಕುಂಡ್ರಾಕ ಜಾಗಾ ಐತೇನು?”

ಮುಂದಿನ ತಿಂಗಳು 400 ಕಿಲೋಮೀಟರಿನ ಸವಾರಿಗೆ ಅದೇ ಬಿಬ್ ತೊಟ್ಟೆ. ನೀರನ್ನೂ ಕುಡಿದೆ, ಹಟಕ್ಕೆ ಬಿದ್ದು ಕುಡಿದೆ. ರಾತ್ರಿ ಒಂದೂಮುಕ್ಕಾಲಿಗೆ ಹೆದ್ದಾರಿ ಬದಿಯ ಒಂದು ಪೆಟ್ರೋಲ್ ಬಂಕ್ ಹಗಲಿನಂತೆ ಬೆಳಗುತ್ತಿತ್ತು. ಬಂಕಿನಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಪುಕ್ಕಟೆ ಇರಬೇಕೆಂದು ತೈಲ ಕಂಪನಿಗಳ ನಿಯಮವೇ ಇದೆ. ಬೋರ್ಡೂ ಇತ್ತು, ಕೂದಲು ಇಳಿಬಿಟ್ಟ ಹೆಂಗಸಿನ ಚಿತ್ರವೂ ಇತ್ತು. ನಡೆಯುತ್ತಲೇ ಜಿಪ್ ಇಳಿಸಿದೆ, ಒಂದು ಕೊಕ್ಕೆ ತೆಗೆದೆ, ಇನ್ನೊಂದು ತೆಗೆದೆ. ಬಾಗಿಲಿಗೆ ಬೀಗ.

ಪಂಪಿನ ಹತ್ತಿರ ಕುರ್ಚಿಯಲ್ಲಿದ್ದ ಹುಡುಗ ಫೋನಿನಿಂದ ತಲೆಯೆತ್ತಿ ಹೇಳಿದ: “ಕೀ ಮ್ಯಾನೇಜರ್ ಹತ್ರ ಇದೆ ಮೇಡಂ. ಬೆಳಗ್ಗೆ ಎಂಟಕ್ಕೆ ಬರ್ತಾರೆ.” ಆಮೇಲೆ, ನಮ್ಮ ಗುಂಪಿನ ಗಂಡಸರು ನಿಂತಿದ್ದ ಕಡೆಗೆ, ಬಂಕಿನ ಹಿಂದಿನ ಗೋಡೆಯತ್ತ, ಕೈ ತೋರಿಸಿದ.